ಗೋದಲಿಯ ಅಡಿಯ ದೋಣಿ

ಶಾಹುಲ್‌ನ ಫೋನು ಬಂದಾಗ ಗುರುವಪ್ಪ ಬೈಕಂಪಾಡಿಯ ತನ್ನ ಗ್ಯಾರೇಜಿನಲ್ಲಿ ಒಂದು ಟ್ಯಾಂಕರ್ ಲಾರಿಯ ಅಡಿಯಲ್ಲಿ ಮಲಗಿ, ಅದರ ವಯರಿಂಗ್ ಮಾಡಿದವನ ಹಿಂದಿನ ತಲೆಮಾರಿನವರಿಗೆಲ್ಲ ಬೈಯುತ್ತಿದ್ದ. ಕೆಂಪು ವಯರು ಹೋಗಬೇಕಾದಲ್ಲಿ ಹಸಿರು, ಹಸಿರು ಹೋಗಬೇಕಾದಲ್ಲಿ ಏನೂ ಇಲ್ಲ. ಇಂಥ ಕೆಲಸ ಕಂಡರೆ ಅವನ ನೆತ್ತಿಗೆ ಬೆಂಕಿ ಹತ್ತುತ್ತಿತ್ತು. ಬೆಂಕಿ ಹತ್ತಲು ಅವನಿಗೆ ಅಷ್ಟು ದೊಡ್ಡ ಕಾರಣ ಬೇಕಾಗುತ್ತಲೂ ಇರಲಿಲ್ಲ ಅನ್ನಿ.

"ಗುರುವಪ್ಪಣ್ಣ, ಜಪಾನಿನದ್ದು ಉಂಟು" ಎಂದ ಶಾಹುಲ್. ಅವನದು ಬಂದರಿನಲ್ಲಿ ಹಳೆ ಸಾಮಾನಿನ ಅಂಗಡಿ.

"ಯಾವ ಜಪಾನು? ಹೋದ ಸಲ ಜಪಾನು ಜಪಾನು ಅಂತ ಬೊಬ್ಬೆ ಹೊಡೆದು ನೀನು ಕೊಟ್ಟದ್ದು ಇಸ್ತ್ರಿಪೆಟ್ಟಿಗೆ. ನೆನಪುಂಟಾ?"

"ಅದು ಜಪಾನಿನದ್ದೇ ಇಸ್ತ್ರಿಪೆಟ್ಟಿಗೆ ಮಾರಾಯ್ರೆ. ಇದು ಗೇಮು. ಕೆಂಪು ಬಿಳಿ ಡಬ್ಬ, ಎರಡೂ ಬದಿಯಲ್ಲಿ ಸಿಕ್ಕಿಸಿ ಇಡುವ ರಿಮೋಟು, ಮೇಲಿಂದ ಕ್ಯಾಸೆಟ್ ಹಾಕುವುದು. ಬಜಪೆಯಲ್ಲಿ ಒಬ್ಬರು ಕ್ರಿಸ್ತಾನರ ಬಾಯಮ್ಮ ಅಟ್ಟ ಖಾಲಿ ಮಾಡಿಸ್ತಿದ್ದಾರೆ. ಅವರ ತಮ್ಮನಿಗೆ ಹಿಂದೆ ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಗೇಮಿನ ಅಂಗಡಿ ಇತ್ತಂತೆ."

ಗುರುವಪ್ಪ ಎದ್ದು ಕೂರಲು ಹೋಗಿ ಲಾರಿಯ ಚೇಸಿಗೆ ಹಣೆ ಕುಟ್ಟಿಕೊಂಡ. ಆದರೂ ಬೈಯಲಿಲ್ಲ. ಅವನ ಜೊತೆ ಕೆಲಸ ಮಾಡುವವರು ಸ್ಪಾನರ್ ಕೆಳಗಿಟ್ಟು ತಿರುಗಿ ನೋಡಿದರು.

"ತಮ್ಮನ ಹೆಸರೆಂತ?"

"ಪೌಲ್ ಅಂತ ಹೇಳಿದ ಹಾಗಾಯ್ತು."

"ನೀನು ಅಲ್ಲೇ ಇರು ಶಾಹುಲ್. ಏನನ್ನೂ ಮುಟ್ಟಬೇಡ. ಮುಟ್ಟಿದರೆ ಕೈ ಮುರೀತೇನೆ."

ಈ ಜಪಾನಿನ ಹುಚ್ಚು ಗುರುವಪ್ಪನಿಗೆ ನಲುವತ್ತು ದಾಟಿದ ಮೇಲೆ ಹಿಡಿದದ್ದು. ಆ ಪ್ರಾಯದಲ್ಲಿ ಊರಿನ ಬೇರೆ ಗಂಡಸರು ಜಾಗ ತೆಗೆಯುತ್ತಾರೆ, ಭಜನಾ ಮಂದಿರದ ಅಧ್ಯಕ್ಷರಾಗುತ್ತಾರೆ, ಹೆಚ್ಚೆಂದರೆ ಯಕ್ಷಗಾನದ ಹಿಂದೆ ತಿರುಗುತ್ತಾರೆ. ಇವನು ಕುಳಾಯಿಯ ಮನೆಯ ಒಂದು ಕೋಣೆಯ ತುಂಬ ಯಾರೋ ಆಡಿ ಬಿಟ್ಟ ಪ್ಲಾಸ್ಟಿಕ್ ಕ್ಯಾಸೆಟ್‌ಗಳನ್ನು ಜೋಡಿಸಿಟ್ಟುಕೊಂಡು, ಅವುಗಳ ತಾಮ್ರದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜುತ್ತ ಕೂತಿರುತ್ತಿದ್ದ. ಹೆಂಡತಿ ಕುಶಲಾ ಆ ಕೋಣೆಗೆ ಸವತಿ ಕೋಣೆ ಎಂದು ಹೆಸರಿಟ್ಟಿದ್ದಳು.

ಸವತಿಯಾದರೂ ಇಷ್ಟು ಕಾಟ ಕೊಡುತ್ತಿರಲಿಲ್ಲ. ಮೊದಲನೆಯ ಸೆಟ್ಟು ಕೈಗೆ ಬಂದ ದಿನ ಗುರುವಪ್ಪ ಖುಷಿಯಲ್ಲಿ ಅದರ ವಯರನ್ನು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಜಪಾನಿನ ಕರೆಂಟು ನಮ್ಮದರ ಅರ್ಧವೂ ಇಲ್ಲ. ಟಪ್ ಎಂದು ಸದ್ದಾಯಿತು, ಹೊಗೆ ಬಂತು, ಮುಗಿಯಿತು. ಹುಟ್ಟಿದಾರಭ್ಯ ವಯರು ಹಿಡಿದು ಬದುಕಿದವನು ಮಾಡಿದ ಕೆಲಸ ಇದು. ಕದ್ರಿಯ ಹಿತೇಶ್ ಎಂಬವನು ಫಳಫಳ ಹೊಳೆಯುವ ಕ್ಯಾಸೆಟ್ ಒಂದನ್ನು ದೇವರ ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದು ಮಾರಿದ. ಮನೆಗೆ ತಂದು ಬಿಚ್ಚಿದರೆ ಒಳಗೆ ಉಗುರಿನಷ್ಟು ಬೋರ್ಡು, ಅದರ ಮೇಲೆ ಡಾಮರಿನ ಬೊಟ್ಟು, ಭಾರಕ್ಕೆಂದು ಒಂದು ಕಬ್ಬಿಣದ ಚೂರು. ಜಪಾನಿನಿಂದಲೇ ತರಿಸಿದ ಇನ್ನೊಂದು ಅಸಲಿಯೇ ಆಗಿತ್ತು, ಆದರೆ ಅದರಲ್ಲಿ ಗೇಮಿಗಿಂತ ಹೆಚ್ಚು ಓದುವುದೇ ಇತ್ತು. ಪರದೆ ತುಂಬ ಜಪಾನಿ ಅಕ್ಷರ. ಯಾವ ಬಟನ್ ಒತ್ತಿದರೂ ಇನ್ನಷ್ಟು ಅಕ್ಷರ. ಕುಲಶೇಖರದ ಒಬ್ಬ ಅಮ್ಮ ಕೊಳಕು ಸಾಮಾನು ಕೊಟ್ಟರೆ ಮರ್ಯಾದೆಯಲ್ಲವೆಂದು, ಕೊಡುವ ಮೊದಲು ಎಲ್ಲ ಕ್ಯಾಸೆಟ್‌ಗಳನ್ನು ಬಕೆಟ್ಟಿಗೆ ಹಾಕಿ ಸೋಪಿನಲ್ಲಿ ತಿಕ್ಕಿ, ಚಿತ್ರಗಳನ್ನೆಲ್ಲ ಕಿತ್ತು, ಬಿಸಿಲಿಗೆ ಒಣಗಿಸಿ ಇಟ್ಟಿದ್ದಳು. "ಹೊಸತರ ಹಾಗೆ ಆಗಿದೆ ನೋಡಿ" ಎಂದಳು. ಗುರುವಪ್ಪ ಅವಳ ಗೇಟಿನ ಹೊರಗೆ ನಿಂತು ಬಹಳ ಹೊತ್ತು ಸಮುದ್ರದ ದಿಕ್ಕಿಗೆ ನೋಡಿದ್ದ.

ಇವೆಲ್ಲಕ್ಕಿಂತ ದೊಡ್ಡ ಕಾಟ ಬೇರೆಯೇ ಇತ್ತು. ಅವನಿಗೆ ಬೇಕಾದ ಗೇಮಿನ ಹೆಸರೇ ಅವನಿಗೆ ಗೊತ್ತಿರಲಿಲ್ಲ.

ಪೆರ್ಮುದೆಯ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದಾಗ ಶನಿವಾರ ಮಧ್ಯಾಹ್ನ ಹುಡುಗರೆಲ್ಲ ಬಜಪೆಗೆ ನಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬಹರೈನಿನಿಂದ ಬಂದ ಪೌಲ್ ಒಂದು ಕೋಣೆಯಲ್ಲಿ ಟಿವಿ, ಜಪಾನಿನ ಗೇಮು ಇಟ್ಟು ಹುಡುಗರಿಗೆ ಸರದಿಯಂತೆ ಆಡಲು ಬಿಡುತ್ತಿದ್ದ. ಕ್ಯಾಸೆಟ್ ಮೇಲಿನ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ಹೆಸರಿಡುವುದು. ಕಪ್ಪೆ ಗೇಮು, ಕೊಡೆ ಗೇಮು, ಮೂಗಿಲ್ಲದವನ ಗೇಮು. ಮತ್ತು ದೋಣಿ ಗೇಮು. ಕಿತ್ತಳೆ ಬಣ್ಣದ ಕ್ಯಾಸೆಟ್, ಅದರ ಮೇಲೆ ಮೂತಿ ಎತ್ತಿದ ನೀಲಿ ದೋಣಿ. ಒಬ್ಬ ಸಣ್ಣ ಮನುಷ್ಯ ಹುಟ್ಟು ಹಾಕುತ್ತ ಅಲೆ, ಶಾರ್ಕು, ತೇಲುವ ಮರದ ದಿಮ್ಮಿ, ಸುಳಿ ಎಲ್ಲ ದಾಟಿ ದಡಕ್ಕೆ ಹೋಗಬೇಕು. ಆ ಅಂಗಡಿಯಲ್ಲಿ ಯಾರ ದೋಣಿಯೂ ದಡ ಮುಟ್ಟಿರಲಿಲ್ಲ. ಗುರುವಪ್ಪನದು ಒಮ್ಮೆ ದೀಪಸ್ತಂಭದವರೆಗೆ ಹೋಯಿತು. ಹಿಂದೆ ನಿಂತ ಹುಡುಗರೆಲ್ಲ ಉಸಿರು ಬಿಗಿಹಿಡಿದಿದ್ದರು. ಆಗ ಕರೆಂಟು ಹೋಯಿತು.

ಗುರುವಪ್ಪ ಟೇಬಲ್ಲಿಗೆ ಒದ್ದ. ಟಿವಿ ಅಲ್ಲಾಡಿತು. ಕೌಂಟರಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದು ಬಂದು ಅವನ ಕಿವಿ ಹಿಡಿದು ರಸ್ತೆಗೆ ತಂದು ನಿಲ್ಲಿಸಿದಳು. ಅವನನ್ನು ಮತ್ತೆ ಒಳಗೆ ಬಿಡಲಿಲ್ಲ. ಸ್ವಲ್ಪ ಸಮಯದಲ್ಲಿ ಅಂಗಡಿಯೂ ಮುಚ್ಚಿತು.

ಈಗ ಗೇಮು ಸಂಗ್ರಹಿಸುವವರ ಫೋನಿನ ಗುಂಪುಗಳಲ್ಲಿ ಅವನು ತನಗೆ ಬರುವ ಇಂಗ್ಲಿಷಿನಲ್ಲಿ ದೋಣಿ ಗೇಮು ಯಾರಲ್ಲಿ ಉಂಟೆಂದು ಕೇಳಿದರೆ, ಅವರು ಹೆಸರೇನು, ಕಂಪನಿ ಯಾವುದು, ಯಾವ ವರ್ಷದ್ದು ಎಂದು ಕೇಳುತ್ತಿದ್ದರು. ದೋಣಿ, ನೀಲಿ ದೋಣಿ ಎಂದರೆ ಹಲ್ಲು ಕಿರಿಯುವ ಹಳದಿ ಮುಖಗಳನ್ನು ಕಳಿಸುತ್ತಿದ್ದರು. ಗುರುವಪ್ಪನ ಫೋನಿನ ಗಾಜು ಒಡೆದದ್ದು ಹಾಗೆ. ಆ ದೋಣಿಯನ್ನು ದಡ ಮುಟ್ಟಿಸದೆ ತನ್ನ ಜೀವ ಹೋಗುವುದಿಲ್ಲ ಎಂದು ಅವನು ಹೇಳಿದಾಗ ಕುಶಲಾ, "ಒಳ್ಳೆಯದಾಯ್ತು, ಇನ್ಶೂರೆನ್ಸ್ ಕಟ್ಟುವುದು ಉಳೀತು" ಎಂದಿದ್ದಳು.

ಕ್ರಿಸ್‌ಮಸ್ಸಿನ ಮರುದಿನ ಅದು. ಕೂಳೂರು, ಕಾವೂರು ದಾಟಿ ಮರವೂರು ಸೇತುವೆಯ ಮೇಲೆ ಗುರುವಪ್ಪ ಬೈಕನ್ನು ಹೇಗೆ ಓಡಿಸಿದನೆಂದರೆ, ಮೇಲೆ ಇಳಿಯಲು ಬರುತ್ತಿದ್ದ ವಿಮಾನ ಹಿಂದೆಯೇ ಉಳಿಯಿತೆಂದು ಅವನಿಗೆ ಅನಿಸಿತು. ಬಾಯಮ್ಮನ ಗೇಟಿನಲ್ಲಿ ಶಾಹುಲ್‌ನ ಪಿಕಪ್ ನಿಂತಿತ್ತು. ವರಾಂಡದಲ್ಲಿ ನಕ್ಷತ್ರ ದೀಪ, ಮೂಲೆಯಲ್ಲಿ ದೊಡ್ಡ ಗೋದಲಿ. ಬಾಲಯೇಸು ಹುಟ್ಟಿದ ಗುಡಿಸಲು, ಹುಲ್ಲಿನ ಮಾಡು, ಗುಡ್ಡ, ಗುಡ್ಡದ ತುಂಬ ಮೊಳೆತ ರಾಗಿಯ ಎಳೆ ಹಸಿರು. ಇಂಥ ಗೋದಲಿ ಬಜಪೆಯ ಮನೆಮನೆಯಲ್ಲೂ ಇರುತ್ತದೆ. ಗುರುವಪ್ಪ ಅದರತ್ತ ಕಣ್ಣೂ ಹಾಕಲಿಲ್ಲ.

ಶಾಹುಲ್ ತೋರಿಸಿದ ರಟ್ಟಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೆಟ್ಟು ಇತ್ತು. ಹಳದಿಗಟ್ಟಿತ್ತು, ಜಿರಳೆಯ ಮೊಟ್ಟೆ ಅಂಟಿತ್ತು, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆದರೆ ಅದೇ ಸೆಟ್ಟು. ರಿಮೋಟಿನ ಹಿಂದೆ ಯಾವನೋ ಹುಡುಗ ಬ್ಲೇಡಿನಲ್ಲಿ ಗೀಚಿದ ಗೀರು ಕೂಡ ಇತ್ತು. ಕ್ಯಾಸೆಟ್ ಹಾಕುವ ಬಾಯಿಯಲ್ಲಿ ಮಡಚಿದ ರಟ್ಟಿನ ಚೂರೊಂದು ಸಿಕ್ಕಿಕೊಂಡಿತ್ತು. ಕಸ ಎಂದು ಗುರುವಪ್ಪ ಅದನ್ನು ಕಿತ್ತು ಅಂಗಳಕ್ಕೆ ಎಸೆದ. ಪೆಟ್ಟಿಗೆಗೆ ಕೈ ಹಾಕಿದ. ಕಪ್ಪೆ ಗೇಮು. ಕೊಡೆ ಗೇಮು. ಮತ್ತೆ ಕೈ ಹಾಕಿದ. ಪೆಟ್ಟಿಗೆಯ ತಳ.

"ಇಷ್ಟೇ?"

"ಇಷ್ಟೇ" ಎಂದ ಶಾಹುಲ್.

"ಇಷ್ಟೇ ಅಂದ್ರೆ ಎಂತ? ಉಳಿದದ್ದೆಲ್ಲಿ? ದೋಣಿ ಎಲ್ಲಿ? ನೀನು ಹಿತೇಶನಿಗೆ ಕೊಟ್ಟಿದ್ದಿ! ಸತ್ಯ ಹೇಳು!"

"ಅಲ್ಲಾಹನಾಣೆ ಇಲ್ಲ ಮಾರಾಯ್ರೆ!"

ಗುರುವಪ್ಪ ಖಾಲಿ ಪೆಟ್ಟಿಗೆಯನ್ನು ಒದ್ದ. ಅದು ಹಾರಿ ಹೋಗಿ ಗೋದಲಿಯ ಬೇಲಿಗೆ ಬಡಿಯಿತು. ಒಂದು ಒಂಟೆ ಬಿತ್ತು.

"ಯಾರದು ಒದೆಯುವುದು?"

ಮನೆಯ ಬಾಯಮ್ಮ, ಉರ್ಸುಲಾ ಬಾಯಿ, ಒಳಗಿನಿಂದ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಬಹರೈನಿನ ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿದ್ದು ಬಂದವಳು. ನಡೆದು ಬಂದರೆ ಈಗಲೂ ಎದುರಿಗಿದ್ದವರಿಗೆ ಮಂಚದಲ್ಲಿ ನೆಟ್ಟಗೆ ಮಲಗಬೇಕೆನಿಸುತ್ತಿತ್ತು. ಕೈಯಲ್ಲಿ ನೀರಿನ ಚೊಂಬು ಇತ್ತು. ಗುರುವಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಕಾಲನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ಈ ಕಾಲು ನಾನು ಎಲ್ಲಿಯೋ ನೋಡಿದ್ದೇನೆ" ಎಂದಳು. "ಪೌಲನ ಅಂಗಡಿಯಲ್ಲಿ ಟೇಬಲ್ ಒದ್ದವ ನೀನೇ ಅಲ್ವಾ? ಪೆರ್ಮುದೆಯ ಕರಿ ಹುಡುಗ?"

ಗುರುವಪ್ಪನ ಕೈ ತನ್ನಷ್ಟಕ್ಕೆ ಕಿವಿಗೆ ಹೋಯಿತು. ರಜೆಯಲ್ಲಿ ಬಂದಾಗ ಕೌಂಟರಿನಲ್ಲಿ ಕೂರುತ್ತಿದ್ದ ಹೆಂಗಸು ಇವಳೇ.

"ಕರೆಂಟು ಹೋದದ್ದು ಬಾಯಮ್ಮ. ದೀಪಸ್ತಂಭ ಕಾಣ್ತಿತ್ತು ನನಗೆ."

"ಕಂಡರೆ ಒದೆಯುವುದಾ?" ಎಂದು ಅವಳು ಬಗ್ಗಿ ಒಂಟೆಯನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ಚೊಂಬಿನ ನೀರನ್ನು ಕೈಯಲ್ಲಿ ತೆಗೆದು ರಾಗಿಯ ಹಸಿರಿನ ಮೇಲೆ ಚಿಮುಕಿಸಿದಳು. ನೀರು ಗುಡ್ಡದ ಮೇಲಿಂದ ಹರಿದು ಗುಡಿಸಲಿನ ಬುಡಕ್ಕೆ ಇಳಿಯಿತು. ಕೆಸರು ತೊಳೆದು ಹೋದಲ್ಲಿ ಏನೋ ಕಿತ್ತಳೆ ಬಣ್ಣ ಕಂಡಿತು.

ಗುರುವಪ್ಪ ನೆಲಕ್ಕೆ ಮಲಗಿದ. ಲಾರಿಯ ಅಡಿಗೆ ಹೋಗುವವನ ಹಾಗೆ ಕೆನ್ನೆ ನೆಲಕ್ಕೊತ್ತಿ ನೋಡಿದ. ಗುಡಿಸಲು ನಿಂತದ್ದು ಒಂದು ಹಂಚಿನ ಮೇಲೆ. ಹಂಚಿನ ಒಂದು ಮೂಲೆಗೆ ಕಲ್ಲು, ಇನ್ನೊಂದು ಮೂಲೆಗೆ ಇಟ್ಟಿಗೆ ಚೂರು, ಮುಂದಿನ ಮೂಲೆಗೆ ಒಂದರ ಮೇಲೊಂದು ಇಟ್ಟ ಕ್ಯಾಸೆಟ್‌ಗಳು. ಎಲ್ಲಕ್ಕಿಂತ ಅಡಿಯ ಕ್ಯಾಸೆಟ್‌ನ ಅಂಚಿನಲ್ಲಿ, ರಾಗಿಯ ಬೇರುಗಳ ನಡುವೆ, ಮೂತಿ ಎತ್ತಿದ ನೀಲಿ ದೋಣಿ.

"ದೋಣಿ!" ಎಂದು ಕೂಗಿದ ಗುರುವಪ್ಪ. "ಶಾಹುಲ್, ದೋಣಿ! ಬಾಯಮ್ಮ, ನೀರು ಹಾಕಬೇಡಿ! ಅಯ್ಯೋ ನೀರು ಹಾಕಬೇಡಿ!"

"ಹಾಕದೆ ರಾಗಿ ಬಾಡುವುದಿಲ್ವಾ? ಬೆಳಿಗ್ಗೆ ಸಂಜೆ ಹಾಕ್ತೇನೆ."

"ಬೆಳಿಗ್ಗೆ ಸಂಜೆ!" ಗುರುವಪ್ಪ ಎದ್ದು ಕೂತ. "ಗೇಮಿನ ಕ್ಯಾಸೆಟ್ಟನ್ನು ಯಾರಾದರೂ ಗೋದಲಿಯ ಅಡಿಗೆ ಇಡ್ತಾರಾ? ತಲೆ ಉಂಟಾ ನಿಮಗೆ?"

"ಮೆಟ್ಟಿಲಿನ ಹಾಗೆ ಸರಿಯಾದ ಅಳತೆ ಇತ್ತು, ಇಟ್ಟೆ. ನನ್ನ ಗೋದಲಿ, ನನ್ನ ಕ್ಯಾಸೆಟ್. ನಿನ್ನ ತಲೆ ಎಲ್ಲಿ ಉಂಟು ಅಂತ ನೋಡಿಕೋ."

ಅವನು ಕೈ ಚಾಚಿದ. ಅವಳು ಚೊಂಬಿನಿಂದ ಆ ಕೈಗೆ ಒಂದು ಕೊಟ್ಟಳು.

"ಮೂರು ರಾಯರ ಹಬ್ಬದವರೆಗೆ ಗೋದಲಿ ಬಿಚ್ಚುವ ಕ್ರಮ ಇಲ್ಲ. ಮೂಡಣದ ರಾಯರು ಒಂಟೆ ಹತ್ತಿ ಬಂದು ಮಗುವನ್ನು ನೋಡಿ ಹೋಗಬೇಕು. ಆಮೇಲೆ ಬಾ."

ಅದಕ್ಕೆ ಇನ್ನೂ ವಾರದ ಮೇಲಿತ್ತು. ಅಷ್ಟು ದಿನ ಬೆಳಿಗ್ಗೆ ಸಂಜೆ ನೀರು. ಗುರುವಪ್ಪ ಬೇಡಿದ, ಬೈದ, ಮತ್ತೆ ಬೇಡಿದ. ಕೊನೆಗೆ ಆ ರಾಯರು ಒಂಟೆ ಬಿಟ್ಟು ಬಸ್ಸಿನಲ್ಲಿ ಬೇಗ ಬರಬಾರದಿತ್ತಾ ಎಂದುಬಿಟ್ಟ. ಉರ್ಸುಲಾ ಬಾಯಿ ಅವನ ಕಿವಿಗೆ ಕೈ ಹಾಕಿದಳು. ಐವತ್ತರ ಹತ್ತಿರ ಬಂದ, ಗ್ಯಾರೇಜಿನ ಯಜಮಾನನಾದ ಗುರುವಪ್ಪ ಎರಡನೆಯ ಸಲ ಅದೇ ಕೈಯಿಂದ ಬಜಪೆಯ ರಸ್ತೆಗೆ ಬಂದು ನಿಂತ. ಶಾಹುಲ್ ಪಿಕಪ್ಪಿನ ಸ್ಟೇರಿಂಗಿಗೆ ತಲೆ ಇಟ್ಟು ನಗುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಗುರುವಪ್ಪ ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಹಾಕಲಿಲ್ಲ.

"ಬೇರು ಬಂದಿದೆ ಕುಶಲಾ. ಕ್ಯಾಸೆಟ್ಟಿಗೆ ಬೇರು ಬಂದಿದೆ."

"ನಿಮ್ಮ ತಲೆಗೂ ಬಂದಿದೆ. ಬೈದರೆ ಯಾರು ಕೊಡ್ತಾರೆ? ಲಾರಿಯ ಎಕ್ಸೆಲ್ ಬದಲಿಸುವಾಗ ಲಾರಿಯನ್ನು ಮಗುಚಿ ಹಾಕ್ತೀರಾ ನೀವು?"

ಗುರುವಪ್ಪ ಕಲಸುವುದನ್ನು ನಿಲ್ಲಿಸಿದ. ಹೆಂಡತಿಯನ್ನು ನೋಡಿದ. ಆಮೇಲೆ ತಟ್ಟೆಯನ್ನು ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಜಾಕು ಹುಡುಕಲು ಹೋದ.

ಬೆಳಿಗ್ಗೆ ಅವನು ಬಜಪೆಗೆ ತಲುಪಿದಾಗ ಉರ್ಸುಲಾ ಬಾಯಿ ಪೂಜೆ ಮುಗಿಸಿ ಇಗರ್ಜಿಯಿಂದ ಆಗಷ್ಟೇ ಬಂದಿದ್ದಳು. ಚೊಂಬು ಇನ್ನೂ ಕೈಗೆ ಬಂದಿರಲಿಲ್ಲ. ಅವನು ಗೇಟಿನ ಹೊರಗೇ ನಿಂತು, ಹೆಲ್ಮೆಟ್ ತೆಗೆದು ಎದೆಗೊತ್ತಿಕೊಂಡು ಹೇಳಿದ.

"ಬಾಯಮ್ಮ, ಬಿಚ್ಚುವುದು ಬೇಡ. ಎತ್ತುವಾ. ಜಾಕು ಕೊಟ್ಟು ಹಂಚನ್ನು ಒಂದು ಕೂದಲಿನಷ್ಟು ಎತ್ತಿ, ಕ್ಯಾಸೆಟ್ ತೆಗೆದು, ಅಷ್ಟೇ ದಪ್ಪದ ಮರದ ತುಂಡು ಇಡ್ತೇನೆ. ಲೋಡಿದ್ದ ಲಾರಿಗೆ ಮಾಡಿದ್ದೇನೆ. ಮಗುವಿಗೆ ಗೊತ್ತೇ ಆಗುವುದಿಲ್ಲ."

ಅವಳು ಅವನ ಕೈಯ ಸಣ್ಣ ಸ್ಕ್ರೂ ಜಾಕನ್ನು ನೋಡಿದಳು. ಹಲಸಿನ ಮರದ ತುಂಡುಗಳನ್ನು ನೋಡಿದಳು. ಅವುಗಳಿಗೆ ಉಜ್ಜು ಕಾಗದ ಹಾಕಿ ಅವನು ನುಣುಪು ಮಾಡಿದ್ದ.

"ಮಗು ಅಲ್ಲಾಡಿದರೆ?"

"ಜಾಕು ಇಳಿಸಿ ಹೋಗ್ತೇನೆ. ಕ್ಯಾಸೆಟ್ ಬೇಡ."

"ಗೋದಲಿಯ ಮುಂದೆ ಒಂದು ಕೆಟ್ಟ ಮಾತು ಬಂದರೆ?"

ಇದಕ್ಕೆ ಗುರುವಪ್ಪ ಸ್ವಲ್ಪ ಯೋಚಿಸಿದ. "ಬರುವುದಿಲ್ಲ" ಎಂದ. ಅವನಿಗೇ ನಂಬಿಕೆ ಇರಲಿಲ್ಲ.

ಹಂಚಿನ ಅಡಿಗೆ ಜಾಕು ಕೂರಿಸುವುದೇ ಮೊದಲ ಕಷ್ಟ. ಕೆಸರು ಜಾರುತ್ತಿತ್ತು. ಗುರುವಪ್ಪ ಹೊಟ್ಟೆಯ ಮೇಲೆ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬೆರಳ ತುದಿಯಲ್ಲಿ ಸ್ಕ್ರೂ ತಿರುಗಿಸಿದ. ಉರ್ಸುಲಾ ಬಾಯಿ ಸ್ಟೂಲಿನಲ್ಲಿ ಕೂತು ಬಾಲಯೇಸುವಿನ ಮೇಲಿಂದ ಕಣ್ಣು ಕೀಳದೆ, ಜಪಸರ ಹಿಡಿದಿದ್ದಳು. ಹಂಚು ಕಿರ್ ಎಂದಿತು. ಹಳೆ ಹಂಚು, ಒಡೆದರೆ ಗುಡಿಸಲು, ದನ, ಕತ್ತೆ, ಎಲ್ಲ ಅವನ ಮುಖದ ಮೇಲೆ. ಮಾಡಿನಿಂದ ಒಂದು ಹುಲ್ಲು ಬಿತ್ತು.

"ಕುರಿ ಬಿತ್ತು" ಎಂದಳು ಉರ್ಸುಲಾ ಬಾಯಿ.

ಟಾರ್ಚು ಕಚ್ಚಿದ ಬಾಯಿಂದ ಏನೋ ಸದ್ದು ಬಂತು.

"ಕುರಿ ಲೆಕ್ಕಕ್ಕಿಲ್ಲ. ಮುಂದೆ ಮಾಡು."

ಮೇಲಿನ ಕ್ಯಾಸೆಟ್‌ಗಳು ಸುಲಭದಲ್ಲಿ ಬಂದವು. ದೋಣಿ ಬರಲಿಲ್ಲ. ಬೇರುಗಳು ಅದನ್ನು ನೆಲಕ್ಕೆ ಹೊಲಿದು ಹಾಕಿದ್ದವು. ಗುರುವಪ್ಪ ಎಳೆದ. ಗುಡ್ಡ ನಡುಗಿತು. ಅವನ ಕತ್ತಿನ ನರ ಉಬ್ಬಿತು, ಟಾರ್ಚು ಕೆಳಗೆ ಬಿತ್ತು, ಅವನ ಬಾಯಿ ತೆರೆಯಿತು.

"ನಿನ್ನ..." ಎಂದ ಗುರುವಪ್ಪ. ಜಪಸರ ನಿಂತಿತು. "ನಿನ್ನ... ನಿನ್ನ ಸಂತಾನಕ್ಕೆ ಒಳ್ಳೆಯದಾಗಲಿ!"

"ಆಮೆನ್" ಎಂದಳು ಉರ್ಸುಲಾ ಬಾಯಿ.

ಅವನು ಜೇಬಿನಿಂದ ವಯರು ಸುಲಿಯುವ ಬ್ಲೇಡು ತೆಗೆದು ಬೇರುಗಳನ್ನು ಒಂದೊಂದಾಗಿ ಕೊಯ್ದ. ಎಡಗೈಯಲ್ಲಿ ಕ್ಯಾಸೆಟ್ ಎಳೆಯುತ್ತ ಬಲಗೈಯಲ್ಲಿ ಮರದ ತುಂಡು ತಳ್ಳಿದ. ದೋಣಿ ಹೊರಗೆ ಬಂದಷ್ಟು ಮರ ಒಳಗೆ ಹೋಯಿತು. ಆಮೇಲೆ ಜಾಕು ಇಳಿಸಿದ. ಹಂಚು ಮರದ ಮೇಲೆ ಮೆತ್ತಗೆ ಕೂತಿತು. ಮಗು ಮಲಗಿದ ಹಾಗೆಯೇ ಇತ್ತು.

ಗುರುವಪ್ಪ ಕೆಸರು ಮೆತ್ತಿದ ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ವರಾಂಡದಲ್ಲಿ ಕುಣಿದ. ಅಂಗಿ, ಮುಖ, ಮೀಸೆಯೆಲ್ಲ ಕೆಸರು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ರಿಕ್ಷಾ ನಿಂತು ನೋಡಿ ಹೋಯಿತು.

"ಇದಕ್ಕೆ ನಾನು ಎಂತ ಕೊಡಬೇಕು ಬಾಯಮ್ಮ?"

"ರಾಯರ ಹಬ್ಬದ ದಿನ ಇಲ್ಲಿ ತಂದು ಆಡಬೇಕು. ಅದುವರೆಗೆ ಆಡಬಾರದು. ಆ ದೋಣಿ ದಡ ಮುಟ್ಟಿದರೆ ಎಂತ ಆಗ್ತದೆ ಅಂತ ನನಗೂ ನೋಡಬೇಕು. ಅಂಗಡಿ ಬಾಗಿಲು ಹಾಕಿದ ಮೇಲೆ ನಾನು, ಪೌಲ್ ಎಷ್ಟು ಆಡಿದ್ದೇವೆ. ಒಂದು ಸಲವೂ ಆಗಲಿಲ್ಲ. ಅವನೀಗ ಮಸ್ಕತ್ತಿನಲ್ಲಿ ಮಗಳ ಮನೆಯಲ್ಲಿ. ಫೋನು ಮಾಡಿದರೆ ಮೊಣಕಾಲಿನ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಅವನಿಗೂ ಹೇಳ್ತೇನೆ."

ಮನೆಯಲ್ಲಿ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಒಂದು ರಾಗಿ ಕಾಳು ಮೊಳೆತಿತ್ತು. ತಾಮ್ರದ ಹಲ್ಲುಗಳು ಹಸಿರಾಗಿದ್ದವು. ಗುರುವಪ್ಪ ಸ್ಪಿರಿಟ್ ಹಾಕಿ ತೊಳೆದ, ರಬ್ಬರಿನಿಂದ ಉಜ್ಜಿದ, ಮತ್ತೆ ತೊಳೆದ. ಪೂರ್ತಿ ಒಣಗದೆ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಮರುದಿನವೇ ಸವತಿ ಕೋಣೆಯಿಂದ ಟಿವಿಯ ವಯರು ಎಳೆಯುವ ಸದ್ದು ಬಂತು. ಕುಶಲಾ ಬಂದು ಕ್ಯಾಸೆಟ್ಟನ್ನು ಕಿತ್ತುಕೊಂಡು, ತೇವ ಹೀರಲೆಂದು ಕುಚ್ಚಲಕ್ಕಿಯ ಡಬ್ಬದಲ್ಲಿ ಹೂತು, ಡಬ್ಬವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ಕರಿಮಣಿಗೆ ಸಿಕ್ಕಿಸಿಕೊಂಡಳು.

"ಒಂದು ಸಲ ನೋಡ್ತೇನೆ, ಅಷ್ಟೇ ಮಾರಾಯ್ತಿ."

"ಮೊದಲಿನದ್ದಕ್ಕೂ ಹಾಗೇ ಹೇಳಿದ್ದು. ಹೊಗೆ ನನ್ನ ಕಣ್ಣಲ್ಲಿ ಇನ್ನೂ ಉಂಟು."

ಆ ವಾರ ಗ್ಯಾರೇಜಿಗೆ ಬಂದ ಲಾರಿಯವರೆಲ್ಲ ಸುಮ್ಮನೆ ಬೈಸಿಕೊಂಡರು.

ಮೂರು ರಾಯರ ಹಬ್ಬದ ಸಂಜೆ ಗುರುವಪ್ಪ, ಕುಶಲಾ ಶಾಹುಲ್‌ನ ಪಿಕಪ್ಪಿನಲ್ಲಿ ಬಜಪೆಗೆ ಬಂದರು. ಹಿಂದೆ ಒಂದು ಲಾರಿಯ ಬ್ಯಾಟರಿ ಇತ್ತು, ಒಂದು ಇನ್ವರ್ಟರ್ ಇತ್ತು.

"ಇದು ಎಂತಕ್ಕೆ?" ಎಂದಳು ಉರ್ಸುಲಾ ಬಾಯಿ.

"ಇದು ನನಗೆ" ಎಂದಷ್ಟೇ ಹೇಳಿದ ಗುರುವಪ್ಪ. ಪೌಲನ ಹಳೆ ಸೆಟ್ಟಿಗೆ ನೇರ ಬ್ಯಾಟರಿಯಿಂದ ಕರೆಂಟು ಕೊಟ್ಟ, ಬಾಯಮ್ಮನ ಹಳೆಯ ಡಬ್ಬ ಟಿವಿಗೆ ಇನ್ವರ್ಟರಿನಿಂದ. ಟಿವಿಯ ಮೇಲಿನ ಕ್ರೋಶಾ ಹೊದಿಕೆಯನ್ನು ಅವಳು ಮಡಚಿ ತೆಗೆದಳು. ಎಲ್ಲರ ಮುಂದೆ ಕ್ರಿಸ್‌ಮಸ್ಸಿನ ತಿಂಡಿ, ಕುಸ್ವಾರಿನ ತಟ್ಟೆ ಇಟ್ಟಳು. ನೆವ್ರಿ, ಕಿಡಿಯೊ, ಚಕ್ಕುಲಿ. ಯಾರೂ ಮುಟ್ಟಲಿಲ್ಲ.

ಗುರುವಪ್ಪ ಕ್ಯಾಸೆಟ್ ಹಾಕಿ ಸ್ವಿಚ್ಚು ಒತ್ತಿದ. ಬೂದು ಪರದೆ.

ತೆಗೆದು ಹಾಕಿದ. ಬೂದು. ತೆಗೆದು ಊದಲು ಬಾಯಿಗೆ ಹಿಡಿದ.

"ಊದಬೇಡ, ಎಂಜಲು ಹೋಗ್ತದೆ" ಎಂದು ನರ್ಸು ಗದರಿದಳು.

ಮತ್ತೆ ಹಾಕಿದ. ಬೂದು. ಅವನ ಕಿವಿ ಕೆಂಪಾಯಿತು. ಕುಶಲಾ ಎದುರಿನ ಟೀಪಾಯಿಯನ್ನು ಮೆಲ್ಲ ಅವನ ಕಾಲಿನಿಂದ ದೂರಕ್ಕೆ ಎಳೆದಳು.

"ಚೀಟಿ ಎಲ್ಲಿ?" ಎಂದಳು ಉರ್ಸುಲಾ ಬಾಯಿ.

"ಯಾವ ಚೀಟಿ?"

"ಸೆಟ್ಟಿನ ಬಾಯಿಯಲ್ಲಿ ಮಡಚಿದ ರಟ್ಟು ಇತ್ತಲ್ಲ. ಪೌಲ್ ಇಟ್ಟದ್ದು. ಅದು ಇಲ್ಲದಿದ್ದರೆ ಕ್ಯಾಸೆಟ್ ಹಿಂದಕ್ಕೆ ಬೀಳ್ತದೆ, ಹಿಡಿಯುವುದಿಲ್ಲ."

ಗುರುವಪ್ಪನಿಗೆ ಅಂಗಳಕ್ಕೆ ಎಸೆದ ಕಸ ನೆನಪಾಯಿತು. ಅವನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಒಳಗೆ ಹೋಗಿ ಯಾರದೋ ಮದುವೆಯ ಕಾಗದ ಹರಿದು ತಂದು, ಬ್ಯಾಂಡೇಜು ಮಡಚುವ ಹಾಗೆ ಮಡಚಿ, ಕ್ಯಾಸೆಟ್‌ನ ಹಿಂದೆ ತುರುಕಿ ಹೆಬ್ಬೆರಳಲ್ಲಿ ಒತ್ತಿದಳು.

"ಈಗ ಹಾಕು."

ಟಿಣ್, ಟಿಣ್, ಟಿಣ್ಟಿಣಿಟಿಣ್. ಪರದೆ ನೀಲಿಯಾಯಿತು. ಅಲೆಗಳು ಬಂದವು. ಅಲೆಯ ಮೇಲೆ ಮೂತಿ ಎತ್ತಿದ ದೋಣಿ ಬಂತು.

ಗುರುವಪ್ಪ ಬೊಬ್ಬೆ ಹೊಡೆದ. ಶಾಹುಲ್ ಬೊಬ್ಬೆ ಹೊಡೆದ. ಗುರುವಪ್ಪ ರಿಮೋಟು ಹಿಡಿದು ಆಡಲು ಶುರುಮಾಡಿ, ಬೊಬ್ಬೆ ನಿಲ್ಲುವ ಮೊದಲೇ ಮೊದಲ ಅಲೆಗೆ ಮುಳುಗಿದ.

"ಇಷ್ಟಕ್ಕಾ ಅಕ್ಕಿ ಹಾಳು ಮಾಡಿದ್ದು!" ಎಂದಳು ಕುಶಲಾ.

ಮತ್ತೆ ಮುಳುಗಿದ. ಮತ್ತೆ. ಬೆರಳುಗಳು ದಪ್ಪವಾಗಿದ್ದವು, ಬಟನ್ ಗಟ್ಟಿಯಾಗಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಆ ಬೆರಳುಗಳಿಗೆ ಪೌಲನ ಅಂಗಡಿಯ ಬೆಂಚು ನೆನಪಾಯಿತು. ಶಾರ್ಕು ಬರುವ ಮೊದಲು ನೀರು ಕಪ್ಪಾಗುವುದು ನೆನಪಾಯಿತು. ಉರ್ಸುಲಾ ಬಾಯಿ ಕುರ್ಚಿಯ ಅಂಚಿಗೆ ಬಂದಿದ್ದಳು.

"ಎಡಕ್ಕೆ! ದಿಮ್ಮಿ ಬರ್ತದೆ! ನಿಲ್ಲಿಸು, ಸುಳಿ ತಿರುಗಲಿ, ಈಗ, ಈಗ ಹೋಗು! ಅಯ್ಯೋ ದೇವಾ ಸಾಯ್ಬಾ, ಕಾಲಲ್ಲಿ ಮಾತ್ರ ಜೋರು ಇವನು!"

"ಸುಮ್ಮನೆ ಕೂತ್ಕೊಳ್ಳಿ ಬಾಯಮ್ಮ!"

"ನನ್ನ ಮನೆ, ನಾನು ಕೂಗ್ತೇನೆ!"

ಸುಳಿ ದಾಟಿತು. ಎರಡು ಶಾರ್ಕುಗಳ ನಡುವೆ ದೋಣಿ ಒಂದು ದಾರದ ಹಾಗೆ ನುಸುಳಿತು. ಪರದೆಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಹೊಳೆದು ಆರಿತು. ಮತ್ತೆ ಹೊಳೆಯಿತು. ದೀಪಸ್ತಂಭ. ಯಾರೂ ಉಸಿರಾಡಲಿಲ್ಲ.

ಆಗ ಕರೆಂಟು ಹೋಯಿತು.

ಫ್ಯಾನು ನಿಂತಿತು. ವರಾಂಡದ ನಕ್ಷತ್ರ ಆರಿತು, ಗೋದಲಿಯ ದೀಪಗಳು ಆರಿದವು, ಬೀದಿಯೇ ಕತ್ತಲಾಯಿತು. ನೆರೆಮನೆಯಿಂದ ಯಾರೋ "ಹೋಯ್ತು" ಎಂದರು. ಆ ಕತ್ತಲೆಯಲ್ಲಿ ಉರಿಯುತ್ತಿದ್ದದ್ದು ಒಂದೇ. ಟಿವಿಯ ನೀಲಿ ಸಮುದ್ರ, ಅದರ ಮೇಲೆ ಗುರುವಪ್ಪನ ದೋಣಿ.

"ಬ್ಯಾಟರಿ!" ಎಂದು ಶಾಹುಲ್ ಕಿರುಚಿದ. "ಬ್ಯಾಟರಿ ಮಾರಾಯ್ರೆ!"

ಗುರುವಪ್ಪ ಕಣ್ಣು ಮಿಟುಕಿಸಲಿಲ್ಲ. ನೀಲಿ ಬೆಳಕಿನಲ್ಲಿ ಅವನ ಮುಖದ ಬೆವರು ಹೊಳೆಯುತ್ತಿತ್ತು. ದೀಪಸ್ತಂಭ ದೊಡ್ಡದಾಯಿತು. ಬಂಡೆಗಳು ಬಂದವು, ಇದುವರೆಗೆ ಯಾರೂ ಕಾಣದ ಬಂಡೆಗಳು. ಒಂದಕ್ಕೆ ದೋಣಿಯ ಮೂತಿ ತಾಗಿ ತಿರುಗಿತು. ಉರ್ಸುಲಾ ಬಾಯಿ ಈಗ ಕೂಗುತ್ತಿರಲಿಲ್ಲ. ಕುಶಲಾಳ ಕೈ ಹಿಡಿದಿದ್ದಳು, ಎಷ್ಟು ಗಟ್ಟಿಯಾಗಿ ಎಂದರೆ ಬಳೆ ಒತ್ತುತ್ತಿತ್ತು. ದೊಡ್ಡ ಅಲೆಯೊಂದು ಹಿಂದಿನಿಂದ ಎದ್ದು ಬಂತು. ಗುರುವಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ಅಲೆಗೆ ದೋಣಿಯನ್ನು ಬಿಟ್ಟುಕೊಟ್ಟ. ಅಲೆ ಅದನ್ನು ಎತ್ತಿತು, ಬಂಡೆಗಳ ಮೇಲಿಂದ ದಾಟಿಸಿತು, ಹಳದಿ ಮರಳಿನ ಮೇಲೆ ತಂದು ಇಳಿಸಿತು.

ಸದ್ದು ನಿಂತಿತು. ಸಣ್ಣ ಮನುಷ್ಯ ದೋಣಿಯಿಂದ ಹಾರಿ ಇಳಿದ. ಮರಳಿನ ಆಚೆ ಒಂದು ಪುಟ್ಟ ಮನೆ ಇತ್ತು. ಬಾಗಿಲು ತೆರೆಯಿತು, ಒಬ್ಬ ಸಣ್ಣ ಹೆಂಗಸು ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. ಅವಳ ತಲೆಯ ಮೇಲೆ ಜಪಾನಿ ಅಕ್ಷರದಲ್ಲಿ ಒಂದು ಸಾಲು ಮೂಡಿತು.

ಕೋಣೆಯಲ್ಲಿ ಎಷ್ಟು ಗದ್ದಲವಾಯಿತೆಂದರೆ ನೆರೆಮನೆಯವರು ಕರೆಂಟು ಬಂತೆಂದು ಸ್ವಿಚ್ಚು ಹಾಕಿ ನೋಡಿದರು. ಶಾಹುಲ್ ಗುರುವಪ್ಪನನ್ನು ಎತ್ತಲು ಹೋಗಿ ಆಗದೆ ಬಿಟ್ಟ. ಉರ್ಸುಲಾ ಬಾಯಿ ಮಸ್ಕತ್ತಿಗೆ ಫೋನು ಹಚ್ಚಿ, "ಪೌಲಾ, ಮುಟ್ಟಿತು! ದಡ ಮುಟ್ಟಿತು! ಟೇಬಲ್ ಒದ್ದವನ ಕೈಯಲ್ಲೇ!" ಎಂದು ಕೂಗುತ್ತಿದ್ದಳು. ಗುರುವಪ್ಪ ಮಾತ್ರ ರಿಮೋಟು ಹಿಡಿದು ಪರದೆಯ ಅಕ್ಷರಗಳನ್ನು ನೋಡುತ್ತ ಕೂತಿದ್ದ.

"ಎಂತ ಬರೆದಿರಬಹುದು?" ಎಂದ.

ಕುಶಲಾ ಆ ಸೊಂಟಕ್ಕೆ ಕೈಯಿಟ್ಟ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿದಳು. "ಇಷ್ಟು ಹೊತ್ತು ಎಲ್ಲಿ ಸತ್ತಿದ್ರಿ, ಅನ್ನ ತಣೀತು ಅಂತ" ಎಂದಳು.

ಅಕ್ಷರ ಮಾಯವಾಯಿತು. ಟಿಣ್, ಟಿಣ್ ಎಂದು ಮತ್ತೆ ಸಮುದ್ರ ಬಂತು. ಈ ಸಲ ಕಪ್ಪು ಸಮುದ್ರ, ಅಲೆಗಳು ಮೊದಲಿನದರ ಎರಡರಷ್ಟು, ಮತ್ತು ದೋಣಿಯ ಹಿಂದೆ ಯಾವುದೋ ದೊಡ್ಡ ಬಾಲ.

"ಇನ್ನೊಂದು ಉಂಟು!" ಎಂದು ಗುರುವಪ್ಪ ಎದ್ದು ನಿಂತ. "ನೋಡಿ ಬಾಯಮ್ಮ, ಇನ್ನೊಂದು ಉಂಟು!"

ಉರ್ಸುಲಾ ಬಾಯಿ ಫೋನು ಕೆಳಗಿಟ್ಟು ಬಂದು, ಸೆಟ್ಟಿನ ಇನ್ನೊಂದು ಬದಿಯಲ್ಲಿ ಸಿಕ್ಕಿಸಿದ್ದ ಎರಡನೆಯ ರಿಮೋಟನ್ನು ಎಳೆದು ತೆಗೆದಳು.

"ಸರಿದು ಕೂತ್ಕೋ" ಎಂದಳು.